ನಡುಗುವ ಗುಡ್ಡ

ನನ್ನ ಹೆಂಡತಿಯ ತುರುಬು ಕಟ್ಟುವ ಕೆಲಸ ನನ್ನ ಪಾಲಿಗೆ ಬಂದು ಎರಡು ತಿಂಗಳಾಗಿತ್ತು. ನಾನು ಸಕ್ಕರೆ ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿ ಶಿಫ್ಟ್ ನೋಡಿಕೊಂಡು ನಿವೃತ್ತನಾದವನು. ಹಗ್ಗ, ತಂತಿ, ಉಗಿ ಪೈಪಿಗೆ ಸುತ್ತುವ ಪಟ್ಟಿ, ಇವನ್ನೆಲ್ಲ ಬಿಗಿಯುವುದು ನನಗೆ ಗೊತ್ತು. ಕೂದಲು ಬೇರೆ. ಬಿಗಿದರೆ ಆಕೆ ಚೀರುತ್ತಾಳೆ, ಸಡಿಲ ಬಿಟ್ಟರೆ ಬಸದಿಯ ಮೆಟ್ಟಿಲು ಹತ್ತುವುದರೊಳಗೆ ಬಿಚ್ಚಿ ಬೆನ್ನ ಮೇಲೆ ಬೀಳುತ್ತದೆ.

“ಕಬ್ಬಿನ ಹೊರಿ ಕಟ್ಟೀರೇನ್ರಿ?” ಎಂದು ಕನ್ನಡಿಯೊಳಗಿಂದಲೇ ನನ್ನನ್ನು ನೋಡಿ ಕೇಳುತ್ತಿದ್ದಳು. “ಲಾರ್ಯಾಗ ಹೇರೂದಷ್ಟ ಬಾಕಿ ಐತಿ.”

ದಿಗ್ಗೇವಾಡಿಯ ನಮ್ಮ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಆಕೆ ಕಾಲು ಜಾರಿ ಬಿದ್ದಿದ್ದಳು. ಎಡತೋಳಿನ ಎಲುಬು ಸೀಳಿತ್ತು. ಎಲುಬೇನೋ ಕೂಡಿತು. ಆದರೆ ಕೊರಳಿಗೆ ಕಟ್ಟಿದ ಪಟ್ಟಿ ಬಿಚ್ಚುವಷ್ಟರಲ್ಲಿ ಭುಜ ಬಿಗಿದುಕೊಂಡಿತ್ತು. ಕೈ ಎದೆಯ ಮಟ್ಟಕ್ಕೆ ಏಳುತ್ತಿತ್ತು, ಅದರಾಚೆ ಇಲ್ಲ. ರೊಟ್ಟಿ ಬಡಿಯಲು ಓಣಿಯ ಒಬ್ಬ ಹೆಣ್ಣುಮಗಳು ಬರತೊಡಗಿದಳು. ಅದನ್ನು ಇವಳು ಸಹಿಸಿಕೊಂಡಳು. ತನ್ನ ತಲೆಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಕೂರುವುದನ್ನು ಮಾತ್ರ ಸಹಿಸಲಿಲ್ಲ.

ಚಿಕ್ಕೋಡಿಯ ಎಲುಬಿನ ಡಾಕ್ಟರು ಒಂದು ತಿಂಗಳ ಗಡುವು ಕೊಟ್ಟರು. ಅಷ್ಟರೊಳಗೆ ಕೈ ಕಿವಿಯ ಮಟ್ಟ ದಾಟದಿದ್ದರೆ ಮಿರಜಿನ ದೊಡ್ಡ ಆಸ್ಪತ್ರೆಗೆ ಕಳಿಸುವುದು. ಅಲ್ಲಿ ಬೇಶುದ್ಧಿ ಮಾಡಿ, ಅಂದರೆ ಪ್ರಜ್ಞೆ ತಪ್ಪಿಸಿ, ಭುಜವನ್ನು ತಿರುಗಿಸಿ ಬಿಡಿಸುತ್ತಾರೆ. ಡಾಕ್ಟರು ಬಹಳ ಸಮಾಧಾನದಿಂದಲೇ ಹೇಳಿದರು. ಆಕೆಯ ಕಿವಿಗೆ ಬಿದ್ದದ್ದು ಬೇಶುದ್ಧಿ ಎಂಬ ಒಂದೇ ಮಾತು.

“ನಾ ಮಿರಜಿಗೆ ಹೋಗಂಗಿಲ್ಲ,” ಎಂದಳು ಹೊರಗೆ ಬಂದ ಮೇಲೆ. “ಕೈ ಹಿಂಗ ಇರ್ಲಿ.”

ಆಕೆ ಹೀಗೆ ಅಂದರೆ ಅದು ಹಾಗೆಯೇ. ಎಷ್ಟೋ ವರ್ಷಗಳ ಹಿಂದೆ ಮುನಿಗಳೊಬ್ಬರ ಮುಂದೆ ಕೈಮುಗಿದು ಬಟಾಟೆ ಬಿಡುತ್ತೇನೆಂದು ನೇಮ ಮಾಡಿದ್ದಳು. ಅಂದಿನಿಂದ ನಮ್ಮ ಮನೆಯ ಒಲೆಯ ಮೇಲೆ ಬಟಾಟೆ ಬೆಂದಿಲ್ಲ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ನೀರೂ ಇಲ್ಲ ಎಂಬುದು ಅದಕ್ಕಿಂತ ಹಳೆಯ ನೇಮ. ಜ್ವರ ಬಂದಾಗಲೂ ಅದನ್ನು ಮುರಿದದ್ದು ನಾನು ನೋಡಿಲ್ಲ.

ಅದೇ ಕಟ್ಟಡದ ಕೆಳಗೆ ವ್ಯಾಯಾಮ ಮಾಡಿಸುವ ಫಿಜಿಯೋ ಹುಡುಗಿ ಇದ್ದಳು. ಕೈ ಎತ್ತಿರಿ ಎಂದರೆ ಇವಳು ಎತ್ತಲಿಲ್ಲ. ನೋವಿಗಿಂತ ಮುಂಚೆಯೇ ನೋವಿನ ಭಯ ಭುಜವನ್ನು ಹಿಡಿಯುತ್ತಿತ್ತು. ಆಗ ಆ ಹುಡುಗಿ ಕಣ್ಣು ಮುಚ್ಚುವಂಥ ಒಂದು ದಪ್ಪ ಕನ್ನಡಕ, ಅಂದರೆ ವಿಆರ್ ಹೆಡ್‌ಸೆಟ್, ತಂದು ತಲೆಗೆ ಕಟ್ಟಿದಳು. ಎರಡೂ ಕೈಗೆ ಒಂದೊಂದು ಹಿಡಿಕೆ ಕೊಟ್ಟಳು. ಅದರೊಳಗೆ ನೋಡುವವರು ಒಂದು ಗುಡ್ಡದ ಮೇಲೆ ನಿಂತಿರುತ್ತಾರೆ. ಎದುರಿನಿಂದ ಡೋಲಿನ ತಾಳಕ್ಕೆ ಬಣ್ಣದ ಚೆಂಡುಗಳು ತೇಲಿ ಬರುತ್ತವೆ. ಕೆಂಪು ಚೆಂಡು ಎಡಗೈಗೆ, ನೀಲಿ ಬಲಗೈಗೆ.

“ಚೆಂಡ ಬಂದ್ರ ಬಿಡಬ್ಯಾಡ್ರಿ ಕಾಕೂ, ಬಡೀರಿ.”

“ಯಾರದರೇ ತಲಿಗೆ ಬಡದೀತವ್ವಾ.”

“ಬಾಜೂಕ ನಿಮ್ಮ ಯಜಮಾನ್ರ ಒಬ್ರ ಅದಾರ್ರಿ.”

“ಹಂಗಾರ ಚಿಂತಿಲ್ಲ,” ಎಂದು ಬೀಸಿದಳು.

ಆ ಹುಡುಗಿ ಚೆಂಡುಗಳನ್ನು ಸ್ವಲ್ಪ ಸ್ವಲ್ಪವೇ ಎತ್ತರಕ್ಕೆ ಏರಿಸುತ್ತ ಹೋದಳು. ಎಡಗೈ ಎದೆಯ ಮಟ್ಟ ದಾಟಿತು. ಗಲ್ಲದ ಮಟ್ಟ ದಾಟಿತು. ಕೈ ಎಲ್ಲಿದೆ ಎಂಬುದೇ ಆಕೆಗೆ ಕಾಣುತ್ತಿರಲಿಲ್ಲ, ಹಾಗಾಗಿ ಹೆದರಲಿಲ್ಲ. ನಾನು ಎದ್ದು ನಿಂತಿದ್ದೆ. ಹುಡುಗಿ ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟಳು.

ದಿನಾ ಚಿಕ್ಕೋಡಿಗೆ ಹೋಗಿ ಬರುವುದು ಆ ಭುಜಕ್ಕೆ ಆಗದ ಮಾತು. ರಾಯಬಾಗದಲ್ಲಿ ಬಸ್ಸು ಬದಲಿಸುವಾಗ ಒಮ್ಮೆ ತಳ್ಳಾಟವಾದರೆ ಒಂದು ವಾರದ ವ್ಯಾಯಾಮ ಹೋಯಿತು. ಅಥಣಿಯಲ್ಲಿರುವ ನನ್ನ ತಂಗಿಯ ಮಗಳು ಮನೆಗಳ ಒಳಾಂಗಣ ವಿನ್ಯಾಸ ಮಾಡುತ್ತಾಳೆ. ಗಿರಾಕಿಗಳಿಗೆ ತೋರಿಸಲೆಂದು ಇಂಥದೇ ಒಂದು ಹೆಡ್‌ಸೆಟ್ ಕೊಂಡು, ಆಮೇಲೆ ಹೊಸದು ಬಂದದ್ದರಿಂದ ಡಬ್ಬಿಯಲ್ಲಿಟ್ಟಿದ್ದಳು. “ಒಯ್ರಿ ಮಾಮಾ,” ಎಂದಳು. “ಆದ್ರ ಇದು ಹಳೇದು. ತನ್ನಷ್ಟಕ್ಕ ಏನೂ ಮಾಡಂಗಿಲ್ಲ. ಕಂಪ್ಯೂಟರಿಗೆ ವಾಯರ್ ಹಚ್ಚಬೇಕು. ಕಂಪ್ಯೂಟರ್ ಗಟ್ಟಿ ಇರಬೇಕು.”

ನನ್ನ ಕಂಪ್ಯೂಟರ್ ಗಟ್ಟಿ ಇರಲಿಲ್ಲ. ಬಸದಿ ಕಮಿಟಿಯ ಕಾಗದಪತ್ರ, ಹಳೆಯ ಫೋಟೋಗಳು, ಇಷ್ಟಕ್ಕೆಂದು ತೆಗೆದುಕೊಂಡದ್ದು. ಚಿತ್ರ ಬಿಡಿಸುವ ಕಾರ್ಡೇ ಅದರಲ್ಲಿ ಇರಲಿಲ್ಲ. ನಿಪ್ಪಾಣಿಯಲ್ಲಿ ಹಳೆಯ ಸಾಮಾನು ಮಾರುವ ಅಂಗಡಿಯೊಂದಕ್ಕೆ ಹೋದೆ.

“ಗ್ರಾಫಿಕ್ಸ್ ಕಾರ್ಡ? ಮೊಮ್ಮಗಗೇನ್ರಿ ಅಜ್ಜಾರ?”

“ಅಲ್ಲ, ಮನಿಯವ್ರಿಗೆ.”

“ಮನಿಯವ್ರಿಗೆ!” ಅಂಗಡಿಯವನು ಪಕ್ಕದ ಗಿರಾಕಿಯ ಮುಖ ನೋಡಿದ. “ಅಜ್ಜಿ ಗೇಮ್ ಆಡತಾರ?”

“ಡಾಕ್ಟರ್ ಬರಕೊಟ್ಟಾರ. ಮುಂಜಾನಿ ಗುಳಿಗಿ, ಸಂಜಿಕ್ ಗೇಮ್.”

ನಗುತ್ತಲೇ ಒಳಗಿನಿಂದ ಒಂದು ಕಾರ್ಡು ತಂದ. “ನಿಮ್ಮ ಹಳೇ ಡಬ್ಬಿಗೆ ಇದಕ್ಕಿಂತ ದೊಡ್ಡದ ಹಾಕಿದ್ರ ಕರೆಂಟ ಸಾಲಂಗಿಲ್ರಿ. ಇದು ಓಡತೈತಿ. ಆದ್ರ ಆಸೆ ಸಣ್ಣದ ಇಟ್ಕೋರಿ.”

ಮುಂಜಾನೆ ಬಿಸಿನೀರಿನ ಶೇಕ ಮತ್ತು ಗೋಡೆಯ ಮೇಲೆ ಬೆರಳು ಹತ್ತಿಸುವುದು, ಸಂಜೆ ಆಟ, ನಡುವೆ ಭುಜಕ್ಕೆ ವಿಶ್ರಾಂತಿ. ಫಿಜಿಯೋ ಹುಡುಗಿ ಇಷ್ಟು ಹೇಳಿದ್ದಳು. ಸಂಜೆ ಅಂದರೆ ಎಷ್ಟು ಹೊತ್ತಿಗೆ ಎಂದು ಹೇಳಿರಲಿಲ್ಲ. ಅದನ್ನು ನಾನು ಗೊತ್ತುಮಾಡಿದೆ. ನಮ್ಮ ಮನೆ ಗಡಿಯಾರದ ಮೇಲೆ ನಡೆಯುವ ಮನೆ. ಏಳುವುದಕ್ಕೆ, ನೀರಿನ ಮೋಟಾರಿಗೆ, ಗುಳಿಗೆಗೆ, ಪ್ರತಿಯೊಂದಕ್ಕೂ ನನ್ನ ಫೋನಿನಲ್ಲಿ ಅಲಾರಾಂ ಇದೆ. ಹೆಂಡತಿ ಅದಕ್ಕೆ ಕಾರ್ಖಾನೆಯ ಸೈರನ್ನಿನ ಹೆಸರನ್ನೇ ಇಟ್ಟು ಭೋಂಗಾ ಎನ್ನುತ್ತಾಳೆ. ಹೊತ್ತು ಮುಳುಗುವ ಮುಂಚೆ ಊಟ, ಊಟದ ತಟ್ಟೆ ತೊಳೆದಿಟ್ಟ ಮೇಲೆ ಆಟ. ಆ ಹೊತ್ತಿನಲ್ಲಿ ಬೇರೆ ಕೆಲಸವಿರಲಿಲ್ಲ. ಖಾಲಿ ಬಿದ್ದ ಜಾಗ ತುಂಬಿತೆಂದು ನನಗೆ ಸಮಾಧಾನವೂ ಆಯಿತು.

ಮೊದಲ ಸಂಜೆ ಆರಕ್ಕೆ ಹದಿನೈದು ನಿಮಿಷ ಇರುವಾಗ ಪಡುವಣ ಕೋಣೆಯಲ್ಲಿ ಆಕೆಯನ್ನು ನಿಲ್ಲಿಸಿ, ಹೆಡ್‌ಸೆಟ್ ಕಟ್ಟಿ, ವಾಯರು ಕಾಲಿಗೆ ಸಿಗದಂತೆ ಹಿಡಿದು ನಿಂತೆ. ಚೆಂಡು ಬಂದವು. ಆಕೆ ಬಡಿದಳು. ಎಡಗೈ ಏರಿತು. ಎಲ್ಲ ಚಿಕ್ಕೋಡಿಯಲ್ಲಿ ಆದಂತೆಯೇ ಆಗುತ್ತಿತ್ತು. ಫೋನಿನ ಅಲಾರಾಂ ಹೊಡೆಯಿತು. ಜೇಬಿನಲ್ಲೇ ಒತ್ತಿ ಅದನ್ನು ಸುಮ್ಮನಾಗಿಸಿದೆ. ಸ್ವಲ್ಪ ಹೊತ್ತಿಗೆ ಆಕೆಯ ಕೈ ಗಾಳಿಯಲ್ಲಿ ತಡವರಿಸಿತು.

“ಏನ್ರಿ ಇದು, ಗುಡ್ಡಾ ನಡಗಾಕತ್ತೈತಲ್ಲ.”

“ಒಂದ ನಿಮಿಷ ತಡಿ, ಸರಿ ಆಗತೈತಿ.”

ಸರಿ ಆಗಲಿಲ್ಲ. ಆಕೆ ಮೊಣಕಾಲೂರಿ ಕೂತು, ಬಲಗೈಯಿಂದಲೇ ಹೆಡ್‌ಸೆಟ್ ಕಿತ್ತು, ಮೋರಿಯ ಕಡೆ ಓಡಿದಳು. ಉಂಡದ್ದೆಲ್ಲ ಹೋಯಿತು. ಆಮೇಲೆ ಕುಡಿದ ನೀರೂ ನಿಲ್ಲಲಿಲ್ಲ. ಹೊಟ್ಟೆ ತಣ್ಣಗಾಗುವಷ್ಟರಲ್ಲಿ ಹೊತ್ತು ಮುಳುಗಿತ್ತು. ಆಕೆ ಬಾಯಿ ಮುಕ್ಕಳಿಸಿ ಉಗುಳಿದಳು, ಒಂದು ಹನಿಯನ್ನೂ ನುಂಗಲಿಲ್ಲ. ನಾನು ಲೋಟ ಹಿಡಿದು ನಿಂತೆ.

“ಕುಡಿ. ಔಷಧ ಅಂತ ತಿಳ್ಕೊ.”

“ಶಿಫ್ಟಿನ ನಡುವ ನೀವು ಯಾವತ್ತರೇ ಎದ್ದು ಮನಿಗೆ ಬಂದಿದ್ರೇನ್ರಿ?” ಎಂದಳು. ನಾನು ಲೋಟವನ್ನು ಕೆಳಗಿಟ್ಟೆ.

ಬೆಳಗಾಗುವವರೆಗೆ ಆಕೆಗೆ ನೀರಿಲ್ಲ. ಬೆಳಿಗ್ಗೆ ಬಸದಿಯಿಂದ ಬಂದು, ನೀರು ಕುಡಿದು, ಉಸಿರು ಬಿಟ್ಟು ನನ್ನನ್ನು ಕರೆದಳು. “ಇನ್ನೊಂದ ಸಲ ಹಿಂಗಾತಂದ್ರ ಇದಕ್ಕೂ ನೇಮ ಮಾಡಿಬಿಡ್ತೀನಿ ನೋಡ್ರಿ. ಆಮ್ಯಾಲೆ ನೀವು ಕೇಳಬ್ಯಾಡ್ರಿ, ನಾ ಹೇಳಂಗಿಲ್ಲ.”

ಅಂದರೆ ಬಟಾಟೆಗೆ ಆದದ್ದು ಹೆಡ್‌ಸೆಟ್ಟಿಗೂ ಆಗುತ್ತದೆ. ಆಮೇಲೆ ಉಳಿಯುವುದು ಮಿರಜು, ಅದಕ್ಕೂ ಆಕೆ ಬರುವುದಿಲ್ಲ. ಕೈ ಅಲ್ಲಿಗೇ ನಿಲ್ಲುತ್ತದೆ.

ಕಣ್ಣಿಗೆ ಕಟ್ಟಿಕೊಳ್ಳುವ ಈ ಪರದೆಯ ಸ್ವಭಾವವೇ ಬೇರೆ. ಟಿವಿಯಲ್ಲಿ ಚಿತ್ರ ಒಂದು ಗಳಿಗೆ ನಿಂತರೆ ಬಯ್ದು ಸುಮ್ಮನಾಗುತ್ತೇವೆ. ಇದರಲ್ಲಿ ತಲೆ ತಿರುಗಿಸಿದ ಕೂಡಲೇ ಗುಡ್ಡವೂ ತಿರುಗಬೇಕು. ಅದಕ್ಕಾಗಿ ಯಂತ್ರ ಸೆಕೆಂಡಿಗೆ ತೊಂಬತ್ತು ಸಲ, ಎರಡು ಕಣ್ಣಿಗೂ ಬೇರೆ ಬೇರೆ, ಇಡೀ ಗುಡ್ಡವನ್ನು ಹೊಸದಾಗಿ ಬಿಡಿಸುತ್ತಿರಬೇಕು. ತಲೆ ತಿರುಗಿ ಗುಡ್ಡ ತಡವಾಗಿ ಹಿಂದೆ ಬಂದರೆ ಕಣ್ಣು ಒಂದು ಹೇಳುತ್ತದೆ, ಮೈಯ ಸಮತೋಲ ಕಾಯುವ ಒಳಗಿವಿ ಇನ್ನೊಂದು ಹೇಳುತ್ತದೆ, ಹೊಟ್ಟೆ ಕೆಡುತ್ತದೆ. ಇದನ್ನೆಲ್ಲ ನಾನು ಓದಿ, ತಂಗಿಯ ಮಗಳಿಗೆ ಫೋನು ಮಾಡಿ ಕೇಳಿ ತಿಳಿದುಕೊಂಡೆ.

ತಿಳಿದ ಮೇಲೆ ಅದು ನನ್ನ ಹಳೆಯ ಕೆಲಸವೇ ಎನಿಸಿತು. ಬಾಯ್ಲರಿನಲ್ಲಿ ಒತ್ತಡ ಬಹಳ ಇರುವುದು ದೊಡ್ಡದಲ್ಲ, ಒಂದೇ ಸಮ ಇರುವುದು ದೊಡ್ಡದು. ಒಂದು ಗಳಿಗೆ ಮೇಲೆ, ಒಂದು ಗಳಿಗೆ ಕೆಳಗೆ ಆಡುವ ಉಗಿಯಿಂದ ಎಲ್ಲ ಕೆಲಸವೂ ಕೆಡುತ್ತದೆ. ಸಣ್ಣ ಬಾಯ್ಲರನ್ನು ಅದರ ಶಕ್ತಿಗೆ ತಕ್ಕ ಹೊರೆ ಹಾಕಿ ನಡೆಸಿದರೆ ಇಡೀ ಹಂಗಾಮು ಮಾತಾಡದೆ ನಡೆಯುತ್ತದೆ. ಹಾಗಾಗಿ ಮೊದಲು ತೊಂಬತ್ತರ ಆಸೆ ಬಿಟ್ಟು ಅರವತ್ತಕ್ಕೆ ಕಟ್ಟಿಹಾಕಿದೆ. ಆಮೇಲೆ ಹೊರೆ ಇಳಿಸಿದೆ. ಚಿತ್ರದ ನುಣುಪನ್ನು ಒಂದು ಮೆಟ್ಟಿಲು ತಗ್ಗಿಸಿದೆ. ನೆರಳುಗಳನ್ನು ತೆಗೆದೆ. ಆಟಗಾರ ನೋಡುವುದನ್ನೇ ಕಂಪ್ಯೂಟರಿನ ಪರದೆಯ ಮೇಲೂ ತೋರಿಸುವುದನ್ನು ನಿಲ್ಲಿಸಿದೆ. ನಾನು ನೋಡಿ ಆಗಬೇಕಾದದ್ದೇನೂ ಇರಲಿಲ್ಲ. ಗುಡ್ಡದ ಪಕ್ಕದ ಜಲಪಾತ ಹೋಯಿತು. ಗಾಳಿಗೆ ಆಡುವ ಹುಲ್ಲು ಹೋಯಿತು. ಒಂದೊಂದನ್ನೇ ತೆಗೆದು, ಒಂದೊಂದು ಸಲವೂ ಅಳತೆ ನೋಡಿದೆ. ಒಟ್ಟಿಗೆ ನಾಲ್ಕು ಕೀಲು ತಿರುಗಿಸಿದವನಿಗೆ ಯಾವುದರಿಂದ ಏನಾಯಿತೆಂದು ಎಂದೂ ಗೊತ್ತಾಗುವುದಿಲ್ಲ.

ಅಳತೆಗೆ ಕಂಪ್ಯೂಟರಿನ ಪರದೆಯ ಮೇಲೆ ಒಂದು ಗೆರೆ ಇತ್ತು. ಚಿತ್ರ ಹೊತ್ತಿಗೆ ಸರಿಯಾಗಿ ಬಂದರೆ ಗೆರೆ ಹಸಿರಾಗಿ ಮಲಗಿರುತ್ತದೆ, ತಡವಾದರೆ ಕೆಂಪಾಗಿ ಏಳುತ್ತದೆ. ಮಧ್ಯಾಹ್ನ ಆಕೆ ಅಡ್ಡಾಗಿರುವಾಗ ಹೆಡ್‌ಸೆಟ್ ನಾನೇ ಕಟ್ಟಿಕೊಂಡು ಚೆಂಡು ಬಡಿಯುತ್ತಿದ್ದೆ. ಕಿಟಕಿಯಾಚೆ ಓಣಿಯವರ ಮಾತು ಕೇಳುತ್ತಿತ್ತು.

“ಕಾಕಾ ಏನ್ ಮಾಡಾಕತ್ತಾರ?”

“ನೊಣಾ ಹೊಡ್ಯಾಕತ್ತಾರ ಕಾಣ್ತೈತಿ.”

“ಯಾವ ನೊಣ? ಒಂದೂ ಕಾಣವಲ್ದಲ್ಲ!”

ಅವರು ನಗಲಿ. ಗೆರೆ ಹಸಿರಾಗಿತ್ತು. ಅರ್ಧ ತಾಸು ಆಡಿದರೂ ಹಸಿರು. ನಾನು ಧೈರ್ಯ ಮಾಡಿ ಸಂಜೆ ಆಕೆಯನ್ನು ನಿಲ್ಲಿಸಿದೆ.

“ಇಲ್ಲಿ ಹುಲ್ಲಿತ್ತಲ್ರಿ, ಎಲ್ಲಿ ಹೋತು? ದನಾ ಮೇಯ್ದ್ವೇನು?” ಎಂದಳು. “ನೀರೂ ಬಂದ್ ಮಾಡೀರಿ. ಗುಡ್ಡಾ ಬೋಳ ಆಗೈತಿ.”

“ಬೋಳ ಇದ್ರ ಬೇಸಿ. ನಡಗಂಗಿಲ್ಲ.”

ಚೆನ್ನಾಗಿ ನಡೆಯಿತು. ಎಡಗೈ ಬಾಯಿಯ ಮಟ್ಟಕ್ಕೆ ಬಂತು. ಅಷ್ಟರಲ್ಲಿ ಹಸಿರು ಗೆರೆ ಕೆಂಪಾಗಿ ಎದ್ದಿತು, ಬಿದ್ದಿತು, ಮತ್ತೆ ಎದ್ದಿತು. “ತೆಗಿ, ತೆಗಿ!” ಎಂದು ನಾನೇ ಕೂಗಿ ಹೆಡ್‌ಸೆಟ್ ಎಳೆದೆ. ಈ ಸಲ ವಾಂತಿಯಾಗಲಿಲ್ಲ. ಆಕೆ ಗೋಡೆ ಹಿಡಿದು ಕಣ್ಣು ಮುಚ್ಚಿ ಬಹಳ ಹೊತ್ತು ನಿಂತಳು. ಮುಖ ಬಿಳಚಿತ್ತು.

“ಮಧ್ಯಾಹ್ನ ನಿಮಗ ಛಲೋ ನಡಿತೈತಿ, ಸಂಜಿಕ್ ನನಗ ಕುಣಿತೈತಿ,” ಎಂದಳು. “ಯಂತ್ರಕ್ಕೂ ನಾ ಬ್ಯಾಡಾದ್ನೇನು?”

ನನ್ನ ಬುದ್ಧಿ ಸೆಕೆಯ ಕಡೆ ಹೋಯಿತು. ಸಂಜೆಯ ಬಿಸಿಲು ಪಡುವಣ ಗೋಡೆಯನ್ನು ಕಾಯಿಸುತ್ತದೆ. ಕಾರ್ಡು ಬಿಸಿಯಾದರೆ ತನ್ನ ವೇಗ ತಾನೇ ತಗ್ಗಿಸಿಕೊಳ್ಳುತ್ತದೆ. ಮೊದಲ ಹತ್ತು ಹದಿನೈದು ನಿಮಿಷ ಸರಿ ನಡೆದು ಆಮೇಲೆ ಕೆಡುವುದಕ್ಕೂ ಅದು ಹೊಂದುತ್ತಿತ್ತು. ಕಂಪ್ಯೂಟರಿನ ಡಬ್ಬಿ ಬಿಚ್ಚಿ ನೋಡಿದರೆ ಸಣ್ಣ ಫ್ಯಾನಿನ ರೆಕ್ಕೆಗಳಿಗೆ ಕಪ್ಪು ಬೂದಿ ಮೆತ್ತಿತ್ತು. ಕಬ್ಬು ಕಡಿದ ಹೊಲದಲ್ಲಿ ರವದಿ, ಅಂದರೆ ಕಬ್ಬಿನ ಒಣಗರಿ, ಸುಟ್ಟಾಗ ಹಾರುವ ಬೂದಿ ಈ ದಿನಗಳಲ್ಲಿ ನಮ್ಮ ಹಾಸಿಗೆಯ ಮೇಲೂ ಇರುತ್ತದೆ. ಬಣ್ಣ ಬಳಿಯುವ ಕುಂಚದಿಂದ ಎಲ್ಲ ಜಾಡಿಸಿದೆ. ಯಂತ್ರವನ್ನು ಮೂಡಣ ಕೋಣೆಗೆ ಒಯ್ದೆ. ಪಕ್ಕದಲ್ಲಿ ಟೇಬಲ್ ಫ್ಯಾನು ಇಟ್ಟೆ. ಬಿಸಿ ಇಳಿಯಿತು. ಸಂಜೆ ಆಟ ಮತ್ತೆ ಕೆಟ್ಟಿತು.

ಹೀಗೆ ದಿನಗಳು ಹೋದವು. ಪ್ರತಿ ಸಂಜೆ ಕೆಲವೇ ನಿಮಿಷ ಒಳ್ಳೆಯ ಆಟ, ನಾನು ಗೆರೆಯ ಮೇಲೆ ಕಣ್ಣಿಟ್ಟು ನಿಲ್ಲುವುದು, ಕೆಂಪು ಕಂಡ ಕೂಡಲೇ ಕೂಗುವುದು. ಆಟಕ್ಕಿಂತ ನನ್ನ ಕೂಗಿಗೇ ಆಕೆ ಬೆಚ್ಚುತ್ತಿದ್ದಳು. ಬೆಚ್ಚಿದರೆ ಭುಜ ಬಿಗಿಯುತ್ತಿತ್ತು. ಗಡುವಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆದಿತ್ತು, ಕೈ ಮಾತ್ರ ಬಾಯಿಯ ಮಟ್ಟದಲ್ಲೇ ನಿಂತಿತ್ತು.

ಆಗ ಚತುರ್ದಶಿ ಬಂತು. ಅಂದು ಆಕೆಗೆ ಒಪ್ಪತ್ತು. ಮಧ್ಯಾಹ್ನ ಉಂಡರೆ ಮುಗಿಯಿತು. ಸಂಜೆಯ ಅಡುಗೆಯಿಲ್ಲ, ತಟ್ಟೆ ತೊಳೆಯುವುದಿಲ್ಲ. ಐದಕ್ಕೆ ಮುಂಚೆಯೇ ಬಂದು ನಿಂತಳು.

“ಇನ್ನೂ ಹೊತ್ತಾಗಿಲ್ಲ,” ಎಂದೆ.

“ಹೊತ್ತಾಗೂದಂದ್ರೇನ್ರಿ? ಕೈ ಖಾಲಿ ಅದಾವು, ಹಚ್ಚರಿ.”

ಹಚ್ಚಿದೆ. ಒಂದು ಹಾಡು ಮುಗಿಯಿತು, ಎರಡು, ಮೂರು. ಗೆರೆ ಮಲಗಿದಲ್ಲಿಂದ ಏಳಲಿಲ್ಲ. ಎಡಗೈ ಮೂಗಿನ ಮಟ್ಟ ಮುಟ್ಟಿತು. ತಾನಾಗಿಯೇ ಸಾಕೆಂದು ತೆಗೆದಾಗ ಆಕೆಯ ಹಣೆಯ ಮೇಲೆ ಬೆವರಿತ್ತು, ಆದರೆ ಮುಖ ಬಿಳಚಿರಲಿಲ್ಲ.

“ಗೊತ್ತಾತಿಲ್ಲೋ?” ಎಂದಳು. “ಇದು ಹೊಟ್ಟೀದು. ಉಂಡ ಆಡಬಾರ್ದು. ನೀವು ಸುಮ್ನ ಹುಲ್ಲ ಕಿತ್ತಿರಿ.”

ಹೊಟ್ಟೆ ತುಂಬಿದ್ದರೆ ಗೆರೆ ಯಾಕೆ ಕೆಂಪಾಗಬೇಕು ಎಂದು ಕೇಳಲು ಬಾಯಿ ತೆರೆದೆ. ಆಕೆಯ ಸಂತೋಷ ನೋಡಿ ಮುಚ್ಚಿದೆ. ಮರುದಿನ ಊಟ ಮುಂದೂಡುವುದೆಂದಾಯಿತು. ಆಟ ಮುಗಿಸಿ, ಹೊತ್ತು ಮುಳುಗುವುದರೊಳಗೆ ಉಣ್ಣಬೇಕು. ರೊಟ್ಟಿ, ಝುಣಕ ಮುಚ್ಚಿಟ್ಟು ಬಂದಳು. ಆಟದ ಹೊತ್ತನ್ನು ಮಾತ್ರ ನಾನು ಮೊದಲಿನದಕ್ಕೇ ತಂದು ಇಟ್ಟಿದ್ದೆ. ಚತುರ್ದಶಿಯದು ಒಂದು ದಿನದ ವಿನಾಯಿತಿ ಎಂದುಕೊಂಡವನು ನಾನು.

ಆರಕ್ಕೆ ಹದಿನೈದು ನಿಮಿಷವಿರುವಾಗ ಕಟ್ಟಿದೆ. ಖಾಲಿ ಹೊಟ್ಟೆ, ತಂಪು ಕೋಣೆ, ಬೋಳು ಗುಡ್ಡ. ಎಲ್ಲ ಸರಿ ಇತ್ತು. ಎಡಗೈ ನಿನ್ನೆಯ ಮಟ್ಟಕ್ಕೇ ಸೀದಾ ಹೋಯಿತು. ಫೋನು ಹೊಡೆಯಿತು, ಒತ್ತಿದೆ. ತಲೆ ಎತ್ತಿ ನೋಡುತ್ತೇನೆ, ಕೆಂಪು. ನಾನು ಕೂಗುವ ಮೊದಲೇ ಆಕೆ ಹೆಡ್‌ಸೆಟ್ ಕಿತ್ತು ಹಾಸಿಗೆಯ ಮೇಲೆ ಒಗೆದಳು.

“ಸಾಕು. ಉಂಡ್ರೂ ಅಷ್ಟ, ಉಪಾಸ ಇದ್ರೂ ಅಷ್ಟ. ನಾಳೆ ಮುಂಜಾನೆ ಬಸದ್ಯಾಗ ನೇಮ ತಗೋತೀನಿ.”

“ಇನ್ನೊಂದ ದಿನಾ—”

“ಒಂದ ತಾಸೂ ಇಲ್ಲ.” ಆಕೆ ಗೋಡೆ ಹಿಡಿದಿದ್ದಳು. ದನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು. ಅಡುಗೆಮನೆಯ ಕಡೆ ಎರಡು ಹೆಜ್ಜೆ ಹೋದವಳು ತಿರುಗಿದಳು. “ಇದಕ್ಕೂ ನಿಮ್ಮ ಭೋಂಗಾಕ್ಕೂ ಏನರೇ ಸಂಬಂಧ ಐತೇನ್ರಿ? ಅದರಾಗ ಇದ್ದಾಗ ಹೊರಗಿಂದ ನನಗೇನೂ ಕಾಣಂಗಿಲ್ಲ, ಆದ್ರ ಕೇಳತೈತಿ. ನಿಮ್ಮ ಭೋಂಗಾ ಆತಂದ್ರ ಗುಡ್ಡಾ ನಡಗಾಕ ಚಾಲೂ. ದಿನಾ ಹಂಗ. ನಿನ್ನಿ ಭೋಂಗಾ ಆಗೂದ್ರಾಗ ನಾ ಮುಗಿಸಿದ್ದೆ.”

ನಾನು ಜೇಬಿನಿಂದ ಫೋನು ತೆಗೆದು ನೋಡಿದೆ.

ಆರರ ಅಲಾರಾಂ ಯಾತಕ್ಕೆಂದು ನಾನು ಇಟ್ಟಿದ್ದೆ? ಬಹಳ ದಿನಗಳಿಂದ ಅದು ನನಗೆ ಊಟ ಮುಗಿಯಿತೆಂಬ ಸದ್ದು ಮಾತ್ರ ಆಗಿತ್ತು. ಇಟ್ಟದ್ದು ಕಂಪ್ಯೂಟರಿಗಾಗಿ. ಹೊತ್ತು ಮುಳುಗುವ ಮುಂಚೆ ಉಣ್ಣುವ ಮನೆಯಲ್ಲಿ ಆರು ಗಂಟೆಗೆ ಯಾರೂ ಯಂತ್ರದ ಮುಂದೆ ಕೂರುವುದಿಲ್ಲ. ಆದ್ದರಿಂದ ದಿನಾ ಆರಕ್ಕೆ ಯಂತ್ರ ತನ್ನಷ್ಟಕ್ಕೆ ತಾನು ಎಲ್ಲ ಫೈಲುಗಳನ್ನು ತೆಗೆದು ವೈರಸ್ ಇದೆಯೇ ನೋಡಬೇಕು, ಆಮೇಲೆ ಕಮಿಟಿಯ ಕಾಗದಪತ್ರಗಳ ಇನ್ನೊಂದು ಪ್ರತಿಯನ್ನು ಹೊರಗಿನ ಡಿಸ್ಕಿಗೆ ಬರೆದಿಡಬೇಕು ಎಂದು ಗೊತ್ತುಮಾಡಿದ್ದೆ. ಅದು ಶುರುವಾಯಿತೇ ನೋಡಲು ಅಲಾರಾಂ. ಕೆಲವು ವಾರ ಎದ್ದು ಹೋಗಿ ನೋಡಿದೆ. ತಪ್ಪದೆ ನಡೆಯುತ್ತಿತ್ತು. ನೋಡುವುದನ್ನು ಬಿಟ್ಟೆ. ಯಂತ್ರ ಬಿಡಲಿಲ್ಲ.

ಚಿತ್ರ ಬಿಡಿಸುವುದು ಕಾರ್ಡೇ ಆದರೂ ಪ್ರತಿಯೊಂದು ಚಿತ್ರದ ಕೆಲಸವನ್ನೂ ಅದರ ಕೈಗೆ ಎತ್ತಿಕೊಡುವುದು ಕಂಪ್ಯೂಟರಿನ ಪ್ರೊಸೆಸರು. ಅದೇ ಪ್ರೊಸೆಸರು ಆರಾದ ಕೂಡಲೇ ಸಾವಿರಾರು ಹಳೆಯ ಫೋಟೋಗಳನ್ನು ಒಂದೊಂದಾಗಿ ಬಿಚ್ಚಿ ನೋಡತೊಡಗುತ್ತಿತ್ತು. ಉಗಿ ಇಳಿದರೆ ಒಲೆ ಕೆದಕುವ ಮೊದಲು ಎಲ್ಲಿ ಯಾರು ವಾಲ್ವು ತೆರೆದಿದ್ದಾರೆ ನೋಡಿರಿ ಎಂದು ಹೊಸ ಹುಡುಗರಿಗೆ ಗದರಿಸುತ್ತಿದ್ದವನು ನಾನು. ಇಲ್ಲಿ ವಾಲ್ವು ತೆರೆದವನೂ ನಾನೇ.

ಕುರ್ಚಿ ಎಳೆದು ಕೂತೆ. ಸ್ಕ್ಯಾನು ನಡೆದೇ ಇತ್ತು. ನಿಲ್ಲಿಸಿದೆ. ಬ್ಯಾಕಪ್ ನಿಲ್ಲಿಸಿದೆ. ಗೆರೆ ಎರಡು ಸಲ ಹೊರಳಾಡಿ ಹಸಿರಾಗಿ ಮಲಗಿತು.

“ಬಾ ಇಲ್ಲಿ. ಒಂದ ಹಾಡು, ಅಷ್ಟ.”

“ಊಟಾ ಆಗಿಲ್ರಿ. ಹೊತ್ತು ಮುಳಗತೈತಿ.”

“ಗೊತ್ತೈತಿ.”

ಆಕೆ ಕಿಟಕಿಯ ಕಡೆ ನೋಡಿದಳು. ಎದುರು ಮನೆಯ ಗೋಡೆಯ ಮೇಲೆ ಬಿಸಿಲು ಇನ್ನೂ ಇತ್ತು, ಮೇಲಿನ ಅಂಚಿಗೆ ಸರಿದಿತ್ತು. ಮುಚ್ಚಿಟ್ಟ ರೊಟ್ಟಿಯ ಕಡೆ ನೋಡಿದಳು. ಆಮೇಲೆ ನನ್ನನ್ನು.

“ಭೋಂಗಾದ್ದ ತಪ್ಪೇನು?”

“ನಂದು,” ಎಂದೆ. “ಅದರದಲ್ಲ.”

ಆಕೆ ಬಂದು ನಿಂತಳು. “ಒಂದ ಹಾಡು,” ಎಂದಳು ಬೆರಳು ತೋರಿಸಿ. “ನಡಗಿತಂದ್ರ ಇಲ್ಲೇ ನೇಮ. ಬಸದಿತನಾ ಕಾಯಂಗಿಲ್ಲ.”

ಹೆಡ್‌ಸೆಟ್ಟಿನ ಪಟ್ಟಿ ಬಿಗಿದೆ. ಡೋಲು ಶುರುವಾಯಿತು. ನಾನು ಗೆರೆಯನ್ನು ನೋಡಿದೆ, ಗೋಡೆಯ ಬಿಸಿಲನ್ನು ನೋಡಿದೆ, ಆಕೆಯ ಎಡಗೈ ನೋಡಿದೆ. ಮೂರನ್ನೂ ಒಟ್ಟಿಗೆ ನೋಡಲು ಆಗುವುದಿಲ್ಲ. ಕೈ ಮೂಗಿಗೆ ಬಂತು. ಗೆರೆ ಹಸಿರು. ಬಿಸಿಲು ಅಂಚಿನಲ್ಲಿ ಒಂದು ಬೆರಳಿನಷ್ಟು. ಹಾಡು ಮುಗಿಯಿತು.

“ಹೊತ್ತು ಮುಳಗಾಕತ್ತೈತಿ,” ಎಂದೆ. “ಊಟಾ ಮಾಡು.”

“ಸುಮ್ನಿರ್ರಿ,” ಎಂದಳು ಹೆಡ್‌ಸೆಟ್ಟಿನೊಳಗಿಂದ. “ಕೆಂಪ ಒಂದ ಮ್ಯಾಲಿಂದ ಮ್ಯಾಲೆ ಹೋತು. ಅದನ್ನ ಬಿಡಂಗಿಲ್ಲ. ಇನ್ನೊಂದ ಹಚ್ಚರಿ.”

“ಊಟಾ ಹೋಗತೈತಿ ನೋಡು.”

“ಹೋಗ್ಲಿ. ನಿಮ್ಮ ಊಟ ನೀವು ಮಾಡ್ರಿ. ಮೊದ್ಲ ಇದನ್ನ ಹಚ್ಚರಿ.”

ಹಚ್ಚಿದೆ. ನನ್ನ ನೇಮ ಆಕೆಯಷ್ಟು ಬಿಗಿಯದಲ್ಲ, ಆದರೆ ಅಂದು ನಾನೂ ಉಣ್ಣಲಿಲ್ಲ. ಗೋಡೆಯ ಮೇಲಿನ ಬಿಸಿಲು ಹೋಯಿತು. ಕತ್ತಲಾಗುವ ಮುಂಚಿನ ಆ ಬೂದು ಬೆಳಕಿನಲ್ಲಿ ಆಕೆ ಬೋಳು ಗುಡ್ಡದ ಮೇಲೆ ನಿಂತು ಕಾಣದ ಚೆಂಡುಗಳನ್ನು ಬಡಿಯುತ್ತಿದ್ದಳು. ಒಮ್ಮೆ ಎಡಗೈ ಹುಬ್ಬಿನ ತನಕ ಹೋಯಿತು. ಆಕೆ “ಆಯಿ!” ಎಂದಳು, ನೋವಿನಿಂದಲೇ. ಆದರೆ ಕೈಯನ್ನು ಕೆಳಗಿಳಿಸಲಿಲ್ಲ.

ಸ್ಕ್ಯಾನು, ಬ್ಯಾಕಪ್ಪುಗಳನ್ನು ಮುಂಜಾನೆ ಬಸದಿಗೆ ಹೋಗುವ ಹೊತ್ತಿಗೆ ಬದಲಿಸಿದೆ. ಆರರ ಅಲಾರಾಂ ಅಳಿಸಿದೆ. ಮರುದಿನದಿಂದ ಊಟಕ್ಕೆ ಮುಂಚೆ ಆಟ. ಅದನ್ನು ಗೊತ್ತುಮಾಡಿದವಳು ಆಕೆ. ಗೆರೆ ನೋಡುವುದನ್ನು ನಾನು ಬಿಡಲಿಲ್ಲ, ಆದರೆ ಕೂಗುವುದನ್ನು ಬಿಟ್ಟೆ. ಕೂಗಬೇಕಾದ ಪ್ರಸಂಗ ಬರಲಿಲ್ಲ. ಒಂದು ದಿನ ಆಕೆ ಹುಲ್ಲನ್ನಾದರೂ ವಾಪಸು ಕೊಡಿರಿ ಎಂದಳು. ಹುಲ್ಲು ಹಾಕಿ ನೋಡಿದೆ. ಗೆರೆ ಸ್ವಲ್ಪ ನಡುಗಿತು. ತೆಗೆದೆ. ಕಾರ್ಡಿನ ಶಕ್ತಿ ಅಷ್ಟೇ ಇತ್ತು.

ಗಡುವಿನ ದಿನ ಚಿಕ್ಕೋಡಿಗೆ ಹೋದೆವು. ಡಾಕ್ಟರು ಕೈ ಎತ್ತಲು ಹೇಳಿದರು. ಇಲ್ಲಿ ಗುಡ್ಡವಿರಲಿಲ್ಲ, ಡೋಲಿರಲಿಲ್ಲ, ಕೈ ಆಕೆಗೆ ಕಾಣುತ್ತಿತ್ತು. ಗಲ್ಲದ ಹತ್ತಿರ ಬಂದು ನಿಂತಿತು. ಡಾಕ್ಟರು ತಮ್ಮ ಪೆನ್ನು ಎತ್ತಿಕೊಂಡರು. ಅವರು ಬರೆಯುವ ಮೊದಲು ಆಕೆ ಕಣ್ಣು ಮುಚ್ಚಿದಳು. ಹಲ್ಲು ಕಚ್ಚಿ ಎತ್ತಿದಳು. ಕೈ ಕಿವಿ ದಾಟಿತು.

“ಮಿರಜ ಸದ್ಯಕ್ಕ ಬ್ಯಾಡ್ರಿ,” ಎಂದರು ಡಾಕ್ಟರು. “ಏನ್ ಮಾಡಾಕತ್ತೀರಿ ಅದನ್ನ ಬಿಡಬ್ಯಾಡ್ರಿ. ಇನ್ನೂ ಮ್ಯಾಲೆ ಹೋಗಬೇಕು.”

ಹೊರಗೆ ಮೆಟ್ಟಿಲು ಇಳಿಯುವಾಗ ಮುಂಜಾನೆ ನಾನು ಕಟ್ಟಿದ್ದ ತುರುಬು ಎಂದಿನಂತೆ ಬಿಚ್ಚಿಕೊಂಡಿತು. ರಾಯಬಾಗದ ಬಸ್ಸು ರಸ್ತೆಯ ತಿರುವಿನಲ್ಲಿ ಕಾಣುತ್ತಿತ್ತು.

“ಚೀಲಾ ಹಿಡೀರಿ,” ಎಂದಳು.

ಹಿಡಿದೆ. ಮೆಟ್ಟಿಲಿನ ನಡುವೆಯೇ ನಿಂತು ಬಲಗೈಯಿಂದ ಕೂದಲನ್ನು ಒಟ್ಟುಮಾಡಿದಳು. ಎಡಗೈ ಎತ್ತಿದಳು. ಅದು ಕಿವಿಯವರೆಗೆ ಹೋಗಿ ತಡೆಯಿತು. ಹಿಂದೆ ಇಳಿಯುತ್ತಿದ್ದವರು ನಿಂತರು, ನಾನು ಅವರಿಗೆ ದಾರಿ ಬಿಡಲಿಲ್ಲ. ಕೈ ತಲೆಯ ಹಿಂದಕ್ಕೆ ಇಂಚು ಇಂಚಾಗಿ ಸರಿದು ಇನ್ನೊಂದು ಕೈಯ ಬೆರಳನ್ನು ಹುಡುಕಿಕೊಂಡಿತು. ಕೂದಲು ಒಂದು ಸುತ್ತು ತಿರುಗಿತು. ಇನ್ನೊಂದು ಸುತ್ತು. ತುರುಬು ಎಡಕ್ಕೆ ವಾಲಿತ್ತು.

ಬಸ್ಸು ನಿಂತು ಇಬ್ಬರನ್ನು ಹತ್ತಿಸಿಕೊಂಡು ಹೋಯಿತು.

“ಬಸ್ಸ್ ಹೋತಲ್ಲ,” ಎಂದೆ.

“ಇನ್ನೊಂದ ಬರ್ತೈತಿ,” ಎಂದಳು, ಎರಡೂ ಕೈಗಳನ್ನು ತಲೆಯ ಹಿಂದೆ ಹಿಡಿದುಕೊಂಡೇ. “ಸುಮ್ನ ನಿಂತ ಏನ್ ನೋಡ್ತೀರಿ? ಪಿನ್ ಕೊಡ್ರಿ.”